ಪ್ರೈಮ್95: ಎಂಟು ತಿಂಗಳು ಬಳಸಿದ ಮೇಲೆ ನನ್ನ ಅಭಿಪ್ರಾಯ

ಗಣಿತದ ಹುಚ್ಚಿದ್ದು, ರಾತ್ರಿಯೆಲ್ಲ ಸುಮ್ನೆ ಕೂತಿರುವ ಡೆಸ್ಕ್‌ಟಾಪ್ ಒಂದಿದ್ದರೆ ಇದನ್ನು ಹಾಕಿಕೊಳ್ಳಿ. ಪೂರ್ತಿ ಉಚಿತ. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಶುರು ಮಾಡಿದ ಗಿಂಪ್ಸ್ ಯೋಜನೆಯ, ಅಂದರೆ ಆಸಕ್ತರ ಕಂಪ್ಯೂಟರ್‌ಗಳೆಲ್ಲ ಲೆಕ್ಕ ಹಂಚಿಕೊಂಡು ಮಾಡುವ ಯೋಜನೆಯ ಸಾಫ್ಟ್‌ವೇರ್ ಇದು. ಹುಡುಕುವುದು ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು, ಅಂದರೆ 2ರ ಯಾವುದೋ ಘಾತದಿಂದ 1 ಕಳೆದಾಗ ಸಿಗುವಂಥವನ್ನು.

ಈ ಜಾತಿಯೇ ಯಾಕೆ ಅಂತ ಮೊದಲು ನನಗೂ ಗೊತ್ತಿರಲಿಲ್ಲ. ಕಾರಣ, ಈ ಜಾತಿಯ ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಅಂತ ಹೇಳುವ ಲೂಕಾಸ್-ಲೆಹ್ಮರ್ ಪರೀಕ್ಷೆ, ಕಾಗದದ ಮೇಲೆ ಒಮ್ಮೆ ಮಾಡಿ ನೋಡಿ. 31 ತಗೊಳ್ಳಿ, ಅದು 2ರ 5ನೇ ಘಾತಕ್ಕಿಂತ 1 ಕಡಿಮೆ. 4ರಿಂದ ಶುರು ಮಾಡಿ, ಪ್ರತಿ ಸಲ ವರ್ಗ ಮಾಡಿ, 2 ಕಳೆದು, 31ರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಮೊದಲು 14. ಆಮೇಲೆ 194, ಅದರ ಶೇಷ 8. ಆಮೇಲೆ 62, ಶೇಷ ಸೊನ್ನೆ! ಘಾತಕ್ಕಿಂತ ಎರಡು ಕಡಿಮೆ, ಅಂದರೆ ಮೂರು ಹೆಜ್ಜೆಗೆ ಸೊನ್ನೆ ಬಂತು, ಹಾಗಾಗಿ 31 ಅವಿಭಾಜ್ಯ. ಯಾವುದರಿಂದ ಭಾಗವಾಗುತ್ತದೆ ಅಂತ ಒಂದನ್ನೂ ಹುಡುಕಲಿಲ್ಲ, ಆದರೂ ಉತ್ತರ ಖಚಿತ. ಎಷ್ಟು ಚೆಂದ ಅಲ್ವಾ?

ಘಾತ ಅವಿಭಾಜ್ಯ ಆಗಿರಲೇಬೇಕು, ಆದರೆ ಅಷ್ಟೇ ಸಾಲದು. 11ನೇ ಘಾತಕ್ಕೆ 2047 ಬರುತ್ತದೆ, ಅದು 23 ಗುಣಿಸು 89. ಎರಡೂ 11ರ ಸಮ ಗುಣಕಕ್ಕಿಂತ ಒಂದು ಜಾಸ್ತಿ (22, 88). ಘಾತ 2ಕ್ಕಿಂತ ದೊಡ್ಡ ಅವಿಭಾಜ್ಯ ಆಗಿದ್ದರೆ ಅಪವರ್ತನಗಳು ಹೀಗೇ ಇರಬೇಕು, ಅದಕ್ಕೇ ಭಾರಿ ಪರೀಕ್ಷೆಗೆ ಮುಂಚೆ ಎಷ್ಟೋ ಸಂಖ್ಯೆಗಳನ್ನು ಜರಡಿ ಹಿಡಿದು ಬಿಡಬಹುದು.

2024ರ ಅಕ್ಟೋಬರ್‌ನಲ್ಲಿ ಇದೇ ಯೋಜನೆಯಲ್ಲಿ ಲೂಕ್ ಡ್ಯೂರಂಟ್ ಅವರಿಗೆ ಸಿಕ್ಕ ಸಂಖ್ಯೆಯ ಘಾತ 13,62,79,841, ಬರೆದರೆ 4,10,24,320 ಅಂಕೆ. ಅದು ಸಿಕ್ಕಿದ್ದು ಗ್ರಾಫಿಕ್ಸ್ ಕಾರ್ಡ್ ಮೇಲೆ ಓಡುವ ಬೇರೆ ಪ್ರೋಗ್ರಾಂನಲ್ಲಿ. ನನ್ನದು ಹಳೇ ಯಂತ್ರ, ಒಂದು ಘಾತಕ್ಕೆ ಎರಡು ವಾರ ಬೇಕು. ಹದಿನಾಲ್ಕು ಮುಗಿಸಿದ್ದೇನೆ, ಒಂದೂ ಅವಿಭಾಜ್ಯ ಅಲ್ಲ. ಬೇಸರವಿಲ್ಲ. ಇಷ್ಟು ದೊಡ್ಡ ಸಂಖ್ಯೆ ಅವಿಭಾಜ್ಯ ಅಲ್ಲ ಅಂತ ತಿಳಿಯುವುದೂ ಹೊಸ ತಿಳಿವಳಿಕೆಯೇ.

ನಂಬಿಕೆಯ ವಿಷಯಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಮೂರನೇ ತಿಂಗಳಲ್ಲಿ ಲೆಕ್ಕ ತಪ್ಪಿದೆ ಅಂತ ಪದೇ ಪದೇ ಸೂಚನೆ ಬಂತು. ನೋಡಿದರೆ ನಾನು ಹೊಸದಾಗಿ ಹಾಕಿದ್ದ ರ‍್ಯಾಮ್ ಕೆಟ್ಟಿತ್ತು, ಬೇರೆ ಯಾವ ಪ್ರೋಗ್ರಾಂನಲ್ಲೂ ಅದು ಗೊತ್ತೇ ಆಗಿರಲಿಲ್ಲ. ಈಗ ಮೊದಲ ಸುತ್ತಿಗೆ ಲೂಕಾಸ್-ಲೆಹ್ಮರ್ ಬದಲು ಬಳಸುವ ಫರ್ಮಾ ಮಾದರಿಯ ಪರೀಕ್ಷೆಯಲ್ಲಿ (ಇದು ಅವಿಭಾಜ್ಯ ಆಗಿರಬಹುದು ಅಂತ ಮಾತ್ರ ಹೇಳುತ್ತದೆ) ರಾಬರ್ಟ್ ಗೆರ್ಬಿಕ್ಜ್ ಕಂಡುಹಿಡಿದ ತಪಾಸಣೆ ಇದೆ. ತಪ್ಪು ಸಿಕ್ಕರೆ ಸರಿಯಿದ್ದ ಜಾಗಕ್ಕೆ ವಾಪಸ್ ಹೋಗಿ ಅಲ್ಲಿಂದ ಮುಂದುವರಿಸುತ್ತದೆ. ಎರಡು ವಾರದ ಕೆಲಸ ಹಾಳಾಗಲಿಲ್ಲ.

ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಬೇಡ, ತುಂಬಾ ಬಿಸಿಯಾಗುತ್ತದೆ. ಪ್ರೊಸೆಸರ್ ನಿಧಾನ ಇದ್ದವರು ಪೂರ್ತಿ ಪರೀಕ್ಷೆ ಬಿಟ್ಟು ಸಣ್ಣ ಘಾತದ ಮರ್ಸೆನ್ ಸಂಖ್ಯೆಗಳ ಅಪವರ್ತನ ಹುಡುಕುವ ಕೆಲಸ ಆರಿಸಿಕೊಳ್ಳಿ, ಬೇಗ ಮುಗಿಯುತ್ತದೆ, ಅದೂ ಲೆಕ್ಕಕ್ಕೆ ಸೇರುತ್ತದೆ.