ತಲೆ ಆಡಿಸಿದ್ದಕ್ಕೆ 136 ಯೂರೋ: ಲಿಸ್ಬನ್‌ಗೆ ಹೋಗುವವರು ದಯವಿಟ್ಟು ಓದಿ

ವಾಪಸ್ ಬಂದು ಒಂದು ತಿಂಗಳಾಯಿತು. ಆ ಬಿಲ್ಲಿನ ಫೋಟೋ ಕಣ್ಣಿಗೆ ಬಿದ್ದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಾಲ್ಕು ಜನ, ಒಂದು ರಾತ್ರಿಯ ಊಟ, 270 ಯೂರೋ 5 ಸೆಂಟ್. ನಮ್ಮ ದುಡ್ಡಲ್ಲಿ 27 ಸಾವಿರದ ಮೇಲೆ. ಅದೂ ವೈನ್ ಇಲ್ಲದೆ, ಬರೀ ನೀರು ಕುಡಿದು.

ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿಲ್ಲ. ನಾಚಿಕೆ ಆಗುತ್ತದೆ. ಆದರೆ ನಮ್ಮವರು ತುಂಬ ಜನ ಈಗ ಪೋರ್ಚುಗಲ್‌ಗೆ ಹೋಗುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ನಾಲ್ವರು ಕಾಲೇಜು ಕಾಲದ ಗೆಳೆಯರು. ನಾನು, ಪ್ರಶಾಂತ, ಸುಮಾ, ಮಂಗಳೂರಿನ ರೋಷನ್. ಸುಮಾ ಪಕ್ಕಾ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಇಡೀ ದಿನ ಅಲ್ಫಾಮ ಅನ್ನೋ ಬಡಾವಣೆಯ ಏರು ಹತ್ತಿ ಇಳಿದು ಕಾಲು ಸೋತಿತ್ತು. ರಾತ್ರಿ ಎಂಟೂವರೆಗೆ ಬೈಶಾ ಕಡೆ ಬಂದೆವು. ಲಿಸ್ಬನ್‌ನ ಹಳೇ ಪೇಟೆ ಅದು. 1755ರ ಭೂಕಂಪದಲ್ಲಿ ನೆಲಸಮವಾದ ಮೇಲೆ ಮತ್ತೆ ಕಟ್ಟಿದ್ದು, ಬೀದಿಗಳೆಲ್ಲ ಗೆರೆ ಎಳೆದಷ್ಟು ನೇರ. ಹೋಟೆಲ್ ಬಾಗಿಲಲ್ಲೆಲ್ಲ ಮೆನು ಹಿಡಿದು ಕರೆಯುವವರು.

ಅದರಲ್ಲಿ ಒಬ್ಬ ನಮ್ಮನ್ನು ನೋಡಿ "ನಮಸ್ತೆ" ಅಂದ. "ಬನ್ನಿ, ಅಸಲಿ ಪೋರ್ಚುಗೀಸ್ ಊಟ, ವೆಜ್ ಕೂಡ ಇದೆ" ಅಂತ ಹಿಂದಿಯಲ್ಲೇ ಹೇಳಿದ. ಸೋತ ಕಾಲಿಗೆ ಅಷ್ಟು ಸಾಕಾಯಿತು. ಒಳಗೆ ಗೋಡೆಗೆ ನೀಲಿ ಟೈಲ್ಸ್, ಬಿಳಿ ಮೇಜುಬಟ್ಟೆ, ಮೂಲೆಯಲ್ಲಿ ಗಿಟಾರ್. ಒಳ್ಳೆ ಜಾಗ ಅಂದುಕೊಂಡೆವು.

ಕೂತು ಎರಡು ನಿಮಿಷ ಆಗಿಲ್ಲ, ಮೇಜು ತುಂಬಿತು. ಬ್ರೆಡ್ಡು, ಬೆಣ್ಣೆ, ಮೀನಿನ ಪೇಸ್ಟು, ಆಲಿವ್, ಒಂದು ಉಂಡೆ ಚೀಸ್, ಒಂದು ತಟ್ಟೆ ಹಂದಿ ಮಾಂಸ, ತೆಳ್ಳಗೆ ಕೊಯ್ದದ್ದು. ನಾವು ಒಂದನ್ನೂ ಕೇಳಿರಲಿಲ್ಲ. ರೋಷನ್‌ಗೆ ಬ್ರೆಡ್ಡು ನೋಡಿ ಖುಷಿ. "ನಮ್ಮ ಪಾವ್ ಇಲ್ಲಿಂದಲೇ ಬಂದದ್ದು ಮಾರಾಯ, ಬಟಾಟೆ ಅನ್ನೋ ಮಾತೂ ಇವರದ್ದೇ" ಅಂದ. ನಮ್ಮ ಊಟದ ಎಲೆಯಲ್ಲಿ ಉಪ್ಪು, ಉಪ್ಪಿನಕಾಯಿ ಮೊದಲೇ ಬರುತ್ತದೆ ಅಲ್ವಾ, ಹಾಗೇ ಅಂದುಕೊಂಡು ತಿಂದೆವು. ಹಂದಿ ಮಾಂಸ ಮಾತ್ರ ಯಾರೂ ಮುಟ್ಟಲಿಲ್ಲ. ಸುಮಾ ಆ ತಟ್ಟೆಯನ್ನು ಆ ಕಡೆ ಸರಿಸಿದಳು.

ಹೀಗೆ ಊಟಕ್ಕೆ ಮೊದಲೇ ತಂದಿಡುವುದಕ್ಕೆಲ್ಲ ಅಲ್ಲಿ ಕೂವೆರ್ ಅನ್ನುತ್ತಾರೆ. ಒಂದೊಂದಕ್ಕೂ ಬೆಲೆ ಇದೆ. ಬ್ರೆಡ್ಡಿಗೆ ತಲೆಗೆ ಎರಡೂವರೆ, ಬೆಣ್ಣೆ ಪೇಸ್ಟಿಗೆ ತಲೆಗೆ ಒಂದೂವರೆ, ಆಲಿವ್‌ಗೆ ಮೂರೂವರೆ, ಚೀಸ್‌ಗೆ 14, ಮುಟ್ಟದ ಮಾಂಸಕ್ಕೆ 18. ಊಟ ಶುರುವಾಗುವ ಮೊದಲೇ ಐವತ್ತೊಂದೂವರೆ ಯೂರೋ ಹೋಗಿತ್ತು. ನಮಗೆ ಗೊತ್ತೇ ಇರಲಿಲ್ಲ.

ಆಮೇಲೆ ಮೀನು. ಇದನ್ನು ಸರಿಯಾಗಿ ಕೇಳಿ. ಮೆನುವಿನಲ್ಲಿ ರೊಬಾಲು ಅನ್ನೋ ಮೀನಿನ ಮುಂದೆ 65,00 ಅಂತ ಇತ್ತು. ಒಂದು ದೊಡ್ಡ ಮೀನು, ಮೂವರು ಹಂಚಿಕೊಂಡರೆ ಪರವಾಗಿಲ್ಲ, ಪ್ರವಾಸ ತಾನೇ ಅಂದುಕೊಂಡೆವು. ನಾನು ಬೆರಳಿಟ್ಟು ಇದು ಹೇಗೆ ಅಂತ ಕೇಳಿದೆ. ಅಷ್ಟೇ. ಬೇಕು ಅನ್ನಲಿಲ್ಲ. ಸಪ್ಲೈಯರ್ ಒಳಗೆ ಹೋಗಿ ಸ್ಟೀಲ್ ತಟ್ಟೆಯಲ್ಲಿ ಐಸ್ ಮೇಲೆ ಇಡೀ ಮೀನು ತಂದ. ಬೆರಳಲ್ಲಿ ಕಿವಿರು ಎತ್ತಿ ಒಳಗಿನ ಕೆಂಪು ತೋರಿಸಿದ. ರೋಷನ್ ಬಗ್ಗಿ ನೋಡಿ "ಫ್ರೆಶ್ ಉಂಟು" ಅಂದ. ನಾನು ತಲೆ ಆಡಿಸಿದೆ. ನಾವು ಆಡಿಸ್ತೀವಲ್ಲ, ಆ ಕಡೆ ಈ ಕಡೆ, ಚೆನ್ನಾಗಿದೆ ಅನ್ನೋ ಹಾಗೆ. ಅವನು ಮೀನು ಎತ್ತಿಕೊಂಡು ನೇರ ಅಡುಗೆಮನೆಗೆ ಹೋದ. ತೂಕ ಹೇಳಲಿಲ್ಲ. ದುಡ್ಡು ಎಷ್ಟಾಗುತ್ತದೆ ಅಂತ ಹೇಳಲಿಲ್ಲ. ಒಂದು ಮಾತೂ ಇಲ್ಲ.

ಸುಮಾಗೆ ಕಾಲ್ಡು ವೆರ್ಡೆ ಅನ್ನೋ ಸೂಪು. ಸೊಪ್ಪು, ಆಲೂಗಡ್ಡೆ ಎರಡೇ ಅಂತ ಅವನೇ ಹೇಳಿದ್ದು. "ಮಾಂಸ ಇಲ್ಲ ತಾನೇ?" ಅಂತ ಸುಮಾ ಎರಡು ಸಲ ಕೇಳಿದಳು. "ನೋ ಮೀಟ್, ನೋ ಮೀಟ್." ಅರ್ಧ ಬಟ್ಟಲು ಖಾಲಿಯಾದ ಮೇಲೆ ಚಮಚಕ್ಕೆ ಏನೋ ತಾಗಿತು. ಮೇಲೆತ್ತಿದಳು. ನಾಣ್ಯದಷ್ಟು ಅಗಲದ ಒಂದು ಬಿಲ್ಲೆ, ಕೆಂಪಗೆ, ಸುತ್ತ ಎಣ್ಣೆ. ಶೋರಿಸು. ಹಂದಿ ಮಾಂಸದ ಸಾಸೇಜು. ಆ ಸೂಪಿಗೆ ಅದನ್ನು ಹಾಕುವುದೇ ಪದ್ಧತಿಯಂತೆ.

ಸುಮಾ ಚಮಚ ಇಟ್ಟಳು. ಮಾತಾಡಲಿಲ್ಲ. ಎದ್ದು ಕೈತೊಳೆಯುವ ಕಡೆ ಹೋದಳು, ಹದಿನೈದು ನಿಮಿಷ ಬರಲಿಲ್ಲ. ನಾನು ಅವನನ್ನು ಕರೆದು ತೋರಿಸಿದೆ. ಅವನು ಏನಂದ ಗೊತ್ತಾ? "ಅದು ಮಾಂಸ ಅಲ್ಲ, ರುಚಿಗೆ ಒಂದೇ ಒಂದು ತುಂಡು." ರುಚಿಗಂತೆ! ಬದಲಿಗೆ ಸಲಾಡ್ ಕೊಡುತ್ತೇನೆ ಅಂದ. ಕೊಟ್ಟ. ಬಿಲ್ಲಿನಲ್ಲಿ ಸೂಪಿಗೂ ಏಳೂವರೆ ಹಾಕಿದ, ಸಲಾಡಿಗೂ 14 ಹಾಕಿದ.

ಬಿಲ್ಲು ಬಂತು. ಮೀನಿನ ಸಾಲಿನಲ್ಲಿ 2,100 ಅಂತ ಇತ್ತು. ನನಗೆ ಅರ್ಥವಾಗಲಿಲ್ಲ, ಎರಡು ಸಾವಿರದ ನೂರು ಏನು ಅಂತ ಎದೆ ಧಸಕ್ ಅಂತು. ಪಾಯಿಂಟ್ ಹಾಕುವ ಕಡೆ ಅವರು ಕಾಮಾ ಹಾಕುತ್ತಾರೆ. ಅದು ತೂಕ. ಎರಡು ಕೆಜಿ ನೂರು ಗ್ರಾಂ. 65 ಅನ್ನೋದು ಕೆಜಿಗೆ. ಮೀನಿಗೆ 136 ಯೂರೋ 50 ಸೆಂಟ್. ಮೆನು ತರಿಸಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆವು. ಬೆಲೆಯ ಪಕ್ಕ ಬೂದು ಬಣ್ಣದಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣದಾಗಿ ಕೆಜಿ ಅಂತ ಇತ್ತು. ಇತ್ತು, ಇಲ್ಲ ಅನ್ನಲ್ಲ. ಆ ಕ್ಷಣ ನನಗೆ ಗೆಳೆಯರ ಮುಖ ನೋಡಲು ಆಗಲಿಲ್ಲ. ತಲೆ ಆಡಿಸಿದವನು ನಾನು.

ಕೇಳಿದ್ದಕ್ಕೆ ಅವನ ಉತ್ತರ: "ಸರ್, ಮೀನು ತೋರಿಸಿದೆ. ನೀವು ತಲೆ ಆಡಿಸಿದಿರಿ."

ತೂಕ ಯಾಕೆ ಹೇಳಲಿಲ್ಲ? "ನೀವು ಕೇಳಲಿಲ್ಲ."

ಕೇಳದ ಚೀಸು, ಮಾಂಸ ಯಾಕೆ ತಂದಿರಿ? "ಇದು ಪೋರ್ಚುಗಲ್ ಸಂಪ್ರದಾಯ. ಬೇಡ ಅಂದಿದ್ದರೆ ತೆಗೀತಿದ್ದೆ."

ಕೊನೆಯಲ್ಲಿ ಶೇಕಡ 10 ಸರ್ವಿಸ್, 24 ಯೂರೋ 55 ಸೆಂಟ್, ಅದನ್ನೂ ಅವರೇ ಸೇರಿಸಿದ್ದರು. ಅದಕ್ಕೂ ನಗುಮುಖ. ಹೊರಗೆ ನಮಸ್ತೆ ಅಂದವನು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಪ್ರಶಾಂತ ಬಾಗಿಲ ಹತ್ತಿರ ಒಂದು ಬೋರ್ಡು ನೋಡಿದ್ದ. ಇಲ್ಲಿ ದೂರಿನ ಪುಸ್ತಕ ಇದೆ ಅಂತ. ಪೋರ್ಚುಗಲ್‌ನಲ್ಲಿ ಹೋಟೆಲ್ಲು, ಅಂಗಡಿಗಳೆಲ್ಲ ಅದನ್ನು ಇಡಲೇಬೇಕು, ಕೇಳಿದ ಕೂಡಲೇ ಕೊಡಲೇಬೇಕು. ಅವನು ಕೇಳಿದ. "ಮಾಲೀಕರು ಇಲ್ಲ, ನಾಳೆ ಬನ್ನಿ" ಅಂದರು. ಕೊಡದಿದ್ದರೆ ಪೊಲೀಸರನ್ನು ಕರೆಯುತ್ತೇನೆ ಅಂತ ಪ್ರಶಾಂತ ಮೊಬೈಲ್ ತೆಗೆದ. ಆಗ ನೋಡಿ, ಎರಡೇ ನಿಮಿಷದಲ್ಲಿ ಹಂದಿ ಮಾಂಸದ 18 ಮಾಯ, ಸರ್ವಿಸ್ ಮಾಯ. ಬಿಲ್ಲು 227 ಯೂರೋ 50 ಸೆಂಟ್‌ಗೆ ಇಳಿಯಿತು. ಮೀನು ಮಾತ್ರ ಇಳಿಯಲಿಲ್ಲ, ಸೂಪೂ ಇಳಿಯಲಿಲ್ಲ. ಸುಮಾ "ಸಾಕು, ಕೊಟ್ಟು ಹೋಗೋಣ, ಇಲ್ಲಿ ಕೂರೋಕೆ ಆಗ್ತಿಲ್ಲ" ಅಂದಳು. ಕೊಟ್ಟು ಬಂದೆವು. ಪುಸ್ತಕದಲ್ಲಿ ಬರೆಯಲೇ ಇಲ್ಲ. ಅದು ನಮ್ಮ ದೊಡ್ಡ ತಪ್ಪು.

ಮಾರನೇ ದಿನ ನಾವು ಇಳಿದಿದ್ದ ಮನೆಯ ಯಜಮಾನಿಗೆ ಹೇಳಿದೆವು. ಅರವತ್ತು ದಾಟಿದ ಹೆಂಗಸು. ಕೇಳದೆ ತಂದಿಟ್ಟು ನೀವು ಮುಟ್ಟದೇ ಬಿಟ್ಟದ್ದಕ್ಕೆ ದುಡ್ಡು ಕೇಳುವಂತಿಲ್ಲ, ಇಲ್ಲಿಯ ಕಾನೂನೇ ಹಾಗಿದೆ ಅಂದರು. "ನಾನೇ ಎಷ್ಟೋ ಸಲ ಬ್ರೆಡ್ಡು ವಾಪಸ್ ಕಳಿಸ್ತೀನಿ, ಅದರಲ್ಲಿ ನಾಚಿಕೆ ಏನು?" ಅಂದರು. ಅವತ್ತು ಮಧ್ಯಾಹ್ನ ಅವರು ತೋರಿಸಿದ ಗಲ್ಲಿಯ ಸಣ್ಣ ಹೋಟೆಲ್‌ನಲ್ಲಿ ಗಾಜಿಗೆ ಅಂಟಿಸಿದ ಕಾಗದದಲ್ಲಿ ಆ ದಿನದ ಊಟ 11 ಯೂರೋ ಅಂತಿತ್ತು. ತಿಂದದ್ದು 11, ಕೊಟ್ಟದ್ದು 11. ಆ ಊರಿನವರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ.

ಹೋಗುವವರಿಗೆ ಇಷ್ಟೇ. ಮೇಜಿಗೆ ಕೇಳದೆ ಏನೇ ಬಂದರೂ, ಬೇಡವಾದರೆ ಆಗಲೇ ತೆಗೆಸಿ. ಮೀನು ತೋರಿಸಿದರೆ ತಲೆ ಅಲ್ಲಾಡಿಸಬೇಡಿ, ತೂಕ ಹಾಕಿಸಿ ಒಟ್ಟು ಎಷ್ಟು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ಸಸ್ಯಾಹಾರಿಗಳು ಮಾಂಸ ಇಲ್ಲ ತಾನೇ ಅಂತ ಕೇಳಿದರೆ ಸಾಲದು, ಶೋರಿಸು ಹೆಸರು ಹಿಡಿದೇ ಕೇಳಿ. ಬಾಗಿಲಲ್ಲಿ ನಿಂತು ಕರೆಯುವ ಕಡೆ ದಯವಿಟ್ಟು ಹೋಗಲೇಬೇಡಿ. ಜಗಳ ಆದರೆ ದುಡ್ಡು ಕೊಡುವ ಮೊದಲೇ ಪುಸ್ತಕ ಕೇಳಿ, ಬರೆದು ನಿಮ್ಮ ಪ್ರತಿ ತಗೊಂಡೇ ಹೊರಡಿ.

ಆ ದೂರಿನ ಪುಸ್ತಕ ಆನ್‌ಲೈನ್‌ನಲ್ಲೂ ಇದೆ. ಬೆಂಗಳೂರಿಗೆ ಬಂದ ಮೇಲೆ ಕೂತು ಎಲ್ಲ ಬರೆದು, ಬಿಲ್ಲಿನ ಫೋಟೋ ಹಾಕಿ ಕಳಿಸಿದೆ. ಮೊನ್ನೆ ಹೋಟೆಲ್‌ನಿಂದ ಉತ್ತರ ಬಂತು. ಎರಡು ಸಾಲು. ಗ್ರಾಹಕರು ಮೀನನ್ನು ನೋಡಿ ಒಪ್ಪಿಗೆ ಕೊಟ್ಟಿದ್ದರು, ಬೆಲೆ ಮೆನುವಿನಲ್ಲಿ ಇದೆ ಅಂತ. ಸುಮಾಳ ಸೂಪಿನ ಬಗ್ಗೆ ಒಂದಕ್ಷರ ಇಲ್ಲ.