‘ಚಾರ್ಜರ್ ಬಿಸಿಯಾಗೋದು ಮಾಮೂಲಿ’ ಅಂದರೆ ನಂಬಬೇಡಿ

ಹೋದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಓದುವ ಮಕ್ಕಳಿದ್ದು, ಲ್ಯಾಪ್‌ಟಾಪಿಗೆ ಡೂಪ್ಲಿಕೇಟ್ ಚಾರ್ಜರ್ ಹಾಕುತ್ತಿದ್ದರೆ ದಯವಿಟ್ಟು ಪೂರ್ತಿ ಓದಿ.

ನಾವಿರುವುದು ಶಿವಮೊಗ್ಗದಲ್ಲಿ. ಲ್ಯಾಪ್‌ಟಾಪ್ ಜೊತೆ ಬಂದಿದ್ದ ಚಾರ್ಜರಿನ ವೈರು ಪಿನ್ನಿನ ಹತ್ತಿರ ಬಿರುಕು ಬಿಟ್ಟು, ಒಳಗಿನ ತಾಮ್ರ ಕಾಣುತ್ತಿತ್ತು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹೊಸದಕ್ಕೆ 2,400 ರೂಪಾಯಿ ಅಂದರು. ಪೇಟೆಯ ಅಂಗಡಿಯೊಂದರಲ್ಲಿ 650ಕ್ಕೆ ಸಿಕ್ಕಿತು. ಸ್ಟಿಕ್ಕರ್ ಮೇಲೆ ಹಳೆಯದರಲ್ಲಿ ಇದ್ದ ಹಾಗೇ 19.5 ವೋಲ್ಟ್, 3.34 ಆಂಪಿಯರ್, 65 ವ್ಯಾಟ್. ಪಿನ್ನೂ ಸರಿಯಾಗಿ ಕೂತಿತು. “ಬಿಲ್ ಬೇಕಂದ್ರೆ ಜಿಎಸ್‌ಟಿ 18 ಪರ್ಸೆಂಟ್ ಸೇರುತ್ತೆ ಸಾರ್” ಅಂದ. ಬೇಡ ಅಂದುಬಿಟ್ಟೆ. ಮೊದಲ ತಪ್ಪು ಅದೇ.

ಮೂರನೇ ದಿನಕ್ಕೇ ಮಗಳು ಹೇಳಿದಳು, “ಅಪ್ಪಾ, ಇದು ತುಂಬಾ ಸುಡುತ್ತೆ.” ಅಂಗಡಿಯವನಿಗೆ ಫೋನ್ ಮಾಡಿದೆ. “ಹೊಸದಲ್ವಾ ಸಾರ್, ಬಿಸಿಯಾಗೋದು ಮಾಮೂಲಿ” ಅಂದ. ಆಫೀಸಿನಲ್ಲಿ ಕೇಳಿದರೆ ಅಲ್ಲೂ ಇದೇ ಮಾತು. ನಾನೂ ಮಗಳಿಗೆ ಅದನ್ನೇ ಹೇಳಿದೆ. ಇವತ್ತಿಗೂ ನನಗೆ ಸಂಕಟ ಆಗುವುದು ಅದೊಂದಕ್ಕೇ. ಅವಳು ಸರಿಯಾಗೇ ಹೇಳಿದ್ದಳು.

ಆ ಮಾತು ಅರ್ಧ ನಿಜ, ಅದಕ್ಕೇ ನಂಬುವ ಹಾಗಿರುತ್ತದೆ. ಒಳ್ಳೆಯ ಅಡಾಪ್ಟರ್ (ಚಾರ್ಜರಿನ ಡಬ್ಬಿ) ಕೂಡ ಎಳೆದುಕೊಂಡ ಕರೆಂಟಿನಲ್ಲಿ ನೂರಕ್ಕೆ ಹತ್ತು ಪಾಲಿನಷ್ಟನ್ನು ಶಾಖವಾಗಿ ಬಿಡುತ್ತದೆ. ಅದಕ್ಕೆ ಫ್ಯಾನ್ ಇಲ್ಲ, ಕಿಂಡಿ ಇಲ್ಲ, ಸುತ್ತ ಮುಚ್ಚಿದ ಪ್ಲಾಸ್ಟಿಕ್ಕು. ಹಾಗಾಗಿ ಬೆಚ್ಚಗಾಗೇ ಆಗುತ್ತದೆ. ಆದರೆ ಮುಷ್ಟಿಯಲ್ಲಿ ಹಿಡಿದು ಹತ್ತು ಎಣಿಸುವಷ್ಟರಲ್ಲಿ ಕೈ ಬಿಡುವ ಹಾಗಾದರೆ ಅದು ಬೆಚ್ಚಗಲ್ಲ. ನಮ್ಮದು ಐದಕ್ಕೇ ಬಿಡಿಸುತ್ತಿತ್ತು.

ಸುಮ್ನೆ ಕೂತಿದ್ದೆ ಅಂತಲ್ಲ. ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿದೆ. ಬದಲಾಗಲಿಲ್ಲ. ಮಂಚದಿಂದ ಇಳಿಸಿ ನೆಲದ ಟೈಲ್ಸ್ ಮೇಲಿಟ್ಟೆ. ಸ್ವಲ್ಪ ಕಡಿಮೆಯಾಯಿತು. ಲ್ಯಾಪ್‌ಟಾಪ್ ಆಫ್ ಮಾಡಿ ಚಾರ್ಜಿಗೆ ಹಾಕಿದರೆ ಬಿಸಿ ತಡೆಯುವಷ್ಟಿತ್ತು. ಕೆಲಸವೂ ನಡೆದು ಚಾರ್ಜೂ ಆಗುತ್ತಿದ್ದರೆ ಇಪ್ಪತ್ತೇ ನಿಮಿಷಕ್ಕೆ ಮುಟ್ಟಲಾಗುತ್ತಿರಲಿಲ್ಲ. ಅಂದರೆ ಸ್ಟಿಕ್ಕರಿನಲ್ಲಿ 65 ಅಂತ ಬರೆದಿದ್ದರೂ ಅಷ್ಟು ಕೊಡುವ ತಾಕತ್ತು ಅದಕ್ಕಿರಲಿಲ್ಲ. ಇಷ್ಟೆಲ್ಲ ಕಣ್ಣೆದುರೇ ಇದ್ದರೂ ತಿಂಗಳ ಕೊನೆಗೆ ಹೊಸದು ತಂದರಾಯಿತು ಅಂತ ಮುಂದೂಡಿದೆ.

ಆಗಸ್ಟ್‌ನ ಒಂದು ರಾತ್ರಿ, ಹನ್ನೊಂದೂವರೆ ಇರಬೇಕು. ಹೊರಗೆ ಜಡಿಮಳೆ. ಒಂಥರಾ ವಾಸನೆ, ಮೀನು ಸುಟ್ಟ ಹಾಗೆ. ಕೆಳಗಿನ ಮನೆಯ ಅಡುಗೆ ಅಂದುಕೊಂಡೆವು. ಹೆಂಡತಿಗೆ ಮನಸ್ಸು ತಡೆಯದೆ ಎದ್ದು ಮಗಳ ರೂಮಿಗೆ ಹೋದಳು. ಮಗಳು ಸಿಇಟಿ ಪುಸ್ತಕ ಎದೆ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದಳು. ಲ್ಯಾಪ್‌ಟಾಪ್ ಪಕ್ಕದಲ್ಲೇ ಓಡುತ್ತಿತ್ತು. ಅಡಾಪ್ಟರ್ ರಗ್ಗಿನ ಒಳಗೆ ಸೇರಿಕೊಂಡಿತ್ತು. ನಾನು ಮೊದಲು ಸ್ವಿಚ್ ಆರಿಸಿ, ವೈರು ಹಿಡಿದು ಎಳೆದೆ. ಅಡಾಪ್ಟರಿನ ಎರಡು ಹೋಳು ಕೂಡುವ ಗೆರೆ ಮೇಣದ ಹಾಗೆ ಮೆತ್ತಗಾಗಿ ಬಾಯಿ ಬಿಟ್ಟಿತ್ತು. ಹಾಸಿಗೆಯ ಹೊದಿಕೆಯಲ್ಲಿ ಅಂಗೈ ಅಗಲದ ಕಂದು ಕಲೆ, ಅದರ ನಡುವೆ ನೈಲಾನ್ ಕರಗಿ ಗಾಜಿನ ಹಾಗೆ ಗಟ್ಟಿಯಾಗಿತ್ತು. ಮಗಳ ಕಾಲು ಅಲ್ಲಿಂದ ಒಂದು ಗೇಣು ದೂರದಲ್ಲಿತ್ತು.

ಯಾರಿಗಾದರೂ ಹೀಗಾದರೆ ಗಾಬರಿಯಲ್ಲಿ ನೀರು ಹಾಕಬೇಡಿ. ಸ್ವಿಚ್ಚು ಅಥವಾ ಮೇನ್ ಆರಿಸುವುದು ಮೊದಲು.

ಮಾರನೇ ದಿನ ಪರಿಚಯದ ರಿಪೇರಿ ಹುಡುಗನ ಹತ್ತಿರ ಒಯ್ದೆ. ಅವನು ಮೊದಲು ತನ್ನ ಹತ್ತಿರವಿದ್ದ ಅಸಲಿ 65 ವ್ಯಾಟ್ ಅಡಾಪ್ಟರನ್ನು ನಮ್ಮ ಲ್ಯಾಪ್‌ಟಾಪಿಗೆ ಹಾಕಿ ಒಂದು ಗಂಟೆ ಓಡಿಸಿದ. ಉಗುರು ಬೆಚ್ಚಗಷ್ಟೇ ಆಯಿತು. ಲ್ಯಾಪ್‌ಟಾಪ್ ಸರಿಯಿದೆ, ತೊಂದರೆ ಅಡಾಪ್ಟರಿನದ್ದೇ ಅಂತ ಖಾತ್ರಿಯಾಯಿತು. ಆಮೇಲೆ ನಮ್ಮದನ್ನೂ, ಕೆಟ್ಟುಹೋದ ಅಸಲಿ ಒಂದನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟ. ಅಸಲಿಯ ಒಳಗೆ ತಾಮ್ರ ಬಣ್ಣದ ತಗಡು, ಅಲ್ಯೂಮಿನಿಯಂ ಪಟ್ಟಿ, ಶಾಖ ಹರಡುವ ಅಂಟು ಒತ್ತೊತ್ತಾಗಿ ತುಂಬಿತ್ತು. ನಮ್ಮದರಲ್ಲಿ ಅರ್ಧ ಖಾಲಿ. ವಿದ್ಯುತ್ತನ್ನು ಹಿಡಿದಿಡುವ ದೊಡ್ಡ ಕಪಾಸಿಟರಿನ ತಲೆ ಉಬ್ಬಿತ್ತು. “ಇದನ್ನ ಓದಿ ಸರ್” ಅಂತ ತೋರಿಸಿದ. ಎಷ್ಟು ಶಾಖ ತಡೆಯುತ್ತದೆ ಅನ್ನುವುದಕ್ಕೆ ಅಸಲಿಯ ಕಪಾಸಿಟರ್ ಮೇಲೆ 105 ಡಿಗ್ರಿ ಅಂತಿತ್ತು, ನಮ್ಮದರ ಮೇಲೆ 85. ಶಾಖ ಹತ್ತು ಡಿಗ್ರಿ ಜಾಸ್ತಿಯಾದರೆ ಅದರ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದಂತೆ. ನಮ್ಮದಕ್ಕೆ ಫ್ಯೂಸೂ ಇರಲಿಲ್ಲ, ಆ ಜಾಗದಲ್ಲಿ ತುಂಡು ತಂತಿ ಬೆಸುಗೆ ಹಾಕಿದ್ದರು. ಅದನ್ನು ನೋಡಿ ಎದೆ ಧಸಕ್ಕೆಂದಿತು.

ದಯವಿಟ್ಟು ನೀವೇ ಬಿಚ್ಚಲು ಹೋಗಬೇಡಿ. ನಮ್ಮ 230 ವೋಲ್ಟ್ ಒಳಗೆ ಹೋದ ಮೇಲೆ ಆ ಕಪಾಸಿಟರಿನಲ್ಲಿ 325 ವೋಲ್ಟ್ ಹತ್ತಿರ ಡಿಸಿ ವಿದ್ಯುತ್ ನಿಂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಹೊಡೆಯಬಹುದು.

ಆ ಹುಡುಗ ಹೇಳಿಕೊಟ್ಟ ಇನ್ನೊಂದು ವಿಷಯ ತುಂಬಾ ಉಪಯೋಗದ್ದು. ಬಿಸಿ ಎಲ್ಲಿದೆ ಅಂತ ನೋಡಬೇಕು. ಅಡಾಪ್ಟರ್ ಡಬ್ಬಿಯೇ ಸುಡುತ್ತಿದ್ದರೆ ಗಾಳಿಯಾಡದ ಜಾಗ, ಸಾಲದ ವ್ಯಾಟ್ ಅಥವಾ ಕಳಪೆ ಮಾಲು. ಲ್ಯಾಪ್‌ಟಾಪಿಗೆ ಚುಚ್ಚುವ ಪಿನ್ ಸುಡುತ್ತಿದ್ದರೆ ಪಿನ್ನೋ ಜಾಕೋ ಸಡಿಲ. ಗೋಡೆಯ ಪ್ಲಗ್ ಸುಡುತ್ತಿದ್ದರೆ ಸಾಕೆಟ್ ಸಡಿಲ, ಎಲೆಕ್ಟ್ರಿಷಿಯನ್ ಕರೆಸಿ ಅದನ್ನೇ ಬದಲಿಸಬೇಕು. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಕನ್ವರ್ಟರ್ ಹಾಕಿದರೆ ಅರ್ತಿಂಗ್ ತಪ್ಪಿಹೋಗುತ್ತದೆ, ಅದೂ ಬೇಡ. ಬೇರೆ ಅಡಾಪ್ಟರ್ ತರುವಾಗ ವೋಲ್ಟ್ ಹಳೆಯದರಷ್ಟೇ ಇರಬೇಕು. ಆಂಪಿಯರ್ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಕಡಿಮೆ ಇರಬಾರದು. 65 ವ್ಯಾಟ್ ಬೇಡುವ ಲ್ಯಾಪ್‌ಟಾಪಿಗೆ ಪಿನ್ ಕೂರುತ್ತದೆ ಅಂತ 45 ವ್ಯಾಟಿನದ್ದು ಹಾಕಿದರೆ ಅದು ವಿಪರೀತ ಬಿಸಿಯಾಗಬಹುದು.

ಸ್ಟಿಕ್ಕರನ್ನು ನಂಬುವುದು ಹೇಗೆ? ನಮ್ಮ ದೇಶದಲ್ಲಿ ಮಾರುವ ಲ್ಯಾಪ್‌ಟಾಪ್ ಅಡಾಪ್ಟರಿಗೆ ಬಿಐಎಸ್ (ಸಾಮಾನುಗಳ ಗುಣಮಟ್ಟದ ಸರ್ಕಾರಿ ಸಂಸ್ಥೆ) ನೋಂದಣಿ ಕಡ್ಡಾಯ. ಅದರ ಗುರುತಿನ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಅನ್ನುವ ಸರ್ಕಾರದ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾರದ್ದು, ಯಾವ ಸಾಮಾನು ಅಂತ ಬರುತ್ತದೆ. ನಮ್ಮದರ ಸಂಖ್ಯೆ ಹಾಕಿ ನೋಡಿದೆ. ಬೇರೆ ಯಾವುದೋ ಕಂಪನಿಯ ಬೇರೆ ಯಾವುದೋ ಸಾಮಾನು ಬಂತು. ಅಂಗಡಿಯಲ್ಲೇ ನಿಂತು ಒಂದು ನಿಮಿಷ ನೋಡಿದ್ದರೆ ಸಾಕಿತ್ತು.

ಅಂಗಡಿಗೆ ವಾಪಸ್ ಹೋದಾಗ, “ನಮ್ಮಲ್ಲೇ ತಗೊಂಡಿದ್ದು ಅನ್ನೋದಕ್ಕೆ ಏನಿದೆ ಸಾರ್?” ಅಂದ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಆದರೆ ಕೈಯಲ್ಲಿ ಬಿಲ್ ಇದ್ದರೆ ಮಾತಿಗೆ ಬಲ. ನನ್ನ ಹತ್ತಿರ ಇರಲಿಲ್ಲ.

ನಾನು ಅಲ್ಲಿ ಮಾತಾಡುತ್ತಿದ್ದಾಗಲೇ ಕಾಲೇಜಿನ ಹುಡುಗನೊಬ್ಬ ಅದೇ ಅಡಾಪ್ಟರ್ ಕೈಯಲ್ಲಿ ಹಿಡಿದು ರೇಟು ಕೇಳುತ್ತಿದ್ದ. ಹೊರಗೆ ಕರೆದು ಫೋನಿನಲ್ಲಿದ್ದ ಹಾಸಿಗೆಯ ಫೋಟೊ ತೋರಿಸಿದೆ. ಅವನು ಒಳಗೆ ಹೋಗಿ ಅದನ್ನು ಗಾಜಿನ ಮೇಲಿಟ್ಟು ಬಂದ.