ನಿರ್ವಾತದಲ್ಲಿ ರಾಕೆಟ್ ಚಲಿಸುವುದನ್ನು ತೋರಿಸುವ ಕಿಟ್: ಉಪಕರಣ ಉತ್ತಮ, ಕೈಪಿಡಿ ತಿದ್ದಬೇಕು

ವಿಜಯಪುರದ ಗಾಂಧಿ ಚೌಕದ ಹತ್ತಿರ ಶಾಲಾ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಿಂದ ತರಿಸಿದ ರಾಕೆಟ್ ಕಿಟ್ಟನ್ನು ಈ ವರ್ಷ ನಮ್ಮ ಪ್ರೌಢಶಾಲೆಯ ಒಂಬತ್ತನೆಯ ತರಗತಿಯಲ್ಲಿ ಬಳಸಿದ್ದೇವೆ. ನೀರಿನ ರಾಕೆಟ್ಟು ಮತ್ತು ಅದನ್ನು ಹಾರಿಸುವ ಸ್ಟ್ಯಾಂಡು, ಕೈಪಂಪಿನಿಂದ ಗಾಳಿ ತೆಗೆಯಬಹುದಾದ ಪಾರದರ್ಶಕ ಗುಮ್ಮಟ, ಮೋಟಾರಿನ ಚಕ್ರ ಕೂರಿಸಿದ ತಿರುಗುವ ತಟ್ಟೆ, ಇಷ್ಟರ ಜೊತೆಗೆ ಕನ್ನಡದ ಕೈಪಿಡಿಯೊಂದು ಪೆಟ್ಟಿಗೆಯಲ್ಲಿದೆ. ಉಪಕರಣಗಳನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಕೈಪಿಡಿಯನ್ನು ಮಾತ್ರ ತಿದ್ದದೆ ಮಕ್ಕಳ ಕೈಗೆ ಕೊಡಬಾರದು.

ಕೈಪಿಡಿಯ ಮೊದಲ ಪಾಠದಲ್ಲೇ, ಹೊರಬರುವ ಬಿಸಿ ಅನಿಲವು ಹಿಂದಿನ ಗಾಳಿಯನ್ನು ಒತ್ತುವುದರಿಂದ ರಾಕೆಟ್ ಮುಂದೆ ಸಾಗುತ್ತದೆ ಎಂದು ಬರೆಯಲಾಗಿದೆ. ಇದು ನಿಜವಾಗಿದ್ದರೆ ವಾಯುಮಂಡಲ ದಾಟಿದ ಮೇಲೆ ಯಾವ ನೌಕೆಯೂ ತನ್ನ ದಾರಿಯನ್ನು ಬದಲಿಸಲಾಗುತ್ತಿರಲಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಹರಿಗೋಲಿನಿಂದ ದಡಕ್ಕೆ ಜಿಗಿದವನು ಹರಿಗೋಲನ್ನು ಹಿಂದಕ್ಕೆ ನೂಕಿರುತ್ತಾನೆ. ಅವನು ಜಿಗಿದ ಕಡೆ ಗಾಳಿ ಇದೆಯೋ ಇಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ರಾಕೆಟ್ಟಿನ ದಹನಕೋಣೆಯಲ್ಲಿ ಅನಿಲವು ಎಲ್ಲ ದಿಕ್ಕಿಗೂ ಒತ್ತುತ್ತದೆ, ಆದರೆ ಹಿಂಬದಿಯಲ್ಲಿ ಬಾಯಿ ತೆರೆದಿರುವುದರಿಂದ ಅಲ್ಲಿ ಒತ್ತಿಸಿಕೊಳ್ಳುವ ಗೋಡೆ ಇಲ್ಲ. ಮುಂದಿನ ಗೋಡೆಯ ಮೇಲೆ ಉಳಿಯುವ ಒತ್ತಡವೂ ನಾಜಲ್ಲಿನ, ಅಂದರೆ ಅನಿಲ ಹೊರಬೀಳುವ ಬಾಯಿಯ, ಅಗಲವಾಗುತ್ತ ಹೋಗುವ ಗೋಡೆಯ ಮೇಲಿನ ಒತ್ತಡವೂ ಸೇರಿ ನೂಕುಬಲವಾಗುತ್ತದೆ. ಹೊರಗಿನ ಗಾಳಿ ಇದಕ್ಕೆ ನೆರವಾಗುವ ಬದಲು ಎದುರು ಒತ್ತುತ್ತದೆ. ಆದ್ದರಿಂದಲೇ ಒಂದೇ ಎಂಜಿನ್ ನೆಲಮಟ್ಟಕ್ಕಿಂತ ನಿರ್ವಾತದಲ್ಲಿ ಹೆಚ್ಚು ನೂಕುಬಲ ಕೊಡುತ್ತದೆ. ಗಾಳಿಯಿಲ್ಲದ ಕಡೆ ಇಂಧನ ಹೇಗೆ ಉರಿಯುತ್ತದೆ ಎಂಬ ಮಕ್ಕಳ ಪ್ರಶ್ನೆಗೆ ಕೈಪಿಡಿ ಸರಿಯಾಗಿಯೇ ಉತ್ತರಿಸಿದೆ: ಉರಿಯಲು ಬೇಕಾದ ಆಮ್ಲಜನಕವನ್ನೂ ರಾಕೆಟ್ಟು ತನ್ನೊಳಗೇ ಹೊತ್ತೊಯ್ಯುತ್ತದೆ.

ಈ ತಪ್ಪು ಪಾಠವನ್ನು ಅದೇ ಪೆಟ್ಟಿಗೆಯ ಗುಮ್ಮಟ ಸುಳ್ಳಾಗಿಸುತ್ತದೆ. ಮೊನೆಯ ಮೇಲೆ ನಿಂತ ಹಗುರ ತೋಳಿನ ತುದಿಗೆ ಊದಿದ ಬಲೂನು ಕಟ್ಟಿ, ಗುಮ್ಮಟ ಮುಚ್ಚಿ, ಗಾಳಿ ತೆಗೆದು, ಹೊರಗಿನಿಂದ ಅಯಸ್ಕಾಂತ ಹಿಡಿದು ಬಲೂನಿನ ಬಾಯಿಯ ಕ್ಲಿಪ್ಪನ್ನು ಬಿಡಿಸಬೇಕು. ಗಾಳಿ ತೆಗೆದಷ್ಟೂ ತೋಳು ನಿಧಾನವಾಗಬಹುದೆಂದು ತರಗತಿಯ ಬಹುಪಾಲು ಮಕ್ಕಳು ಊಹಿಸಿದ್ದರು. ಆದರೆ ಅದು ಮೊದಲಿಗಿಂತ ಚುರುಕಾಗಿ ತಿರುಗಿತು, ಏಕೆಂದರೆ ತೋಳಿಗೆ ಅಡ್ಡಬರುವ ಗಾಳಿಯೂ ಕಡಿಮೆಯಾಗಿತ್ತು. ಕೈಪಂಪು ಪೂರ್ಣ ನಿರ್ವಾತವನ್ನು ಉಂಟುಮಾಡಲಾರದು ಎಂಬುದನ್ನು ಶಿಕ್ಷಕರು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸುತ್ತಲಿನ ಒತ್ತಡ ಇಳಿದಂತೆ ಬಲೂನು ಹಿಗ್ಗುವುದರಿಂದ ಅದನ್ನು ಅರ್ಧದಷ್ಟೇ ಊದಬೇಕು, ಇಲ್ಲವಾದರೆ ಗುಮ್ಮಟದೊಳಗೇ ಒಡೆಯುತ್ತದೆ. ಅಮೆರಿಕದ ರಾಬರ್ಟ್ ಗೊಡಾರ್ಡ್ 1910ರ ದಶಕದಲ್ಲಿ ಗಾಳಿ ತೆಗೆದ ಕೊಳವೆಯಲ್ಲಿ ಸಿಡಿಮದ್ದು ಉರಿಸಿ, ನಿರ್ವಾತದಲ್ಲಿಯೂ ನೂಕುಬಲ ಹುಟ್ಟುತ್ತದೆಂದು ಅಳೆದು ತೋರಿಸಿದ್ದರು. ಅದೇ ಪ್ರಶ್ನೆಗೆ ನಮ್ಮ ಮಕ್ಕಳು ತಮ್ಮ ಮೇಜಿನ ಮೇಲೆ ಉತ್ತರ ಕಾಣುವುದು ಸಣ್ಣ ಮಾತಲ್ಲ, ಮತ್ತು ಈ ಒಂದು ಪ್ರಯೋಗಕ್ಕಾಗಿಯೇ ಕಿಟ್ ಕೊಳ್ಳಬಹುದು.

ನೀರಿನ ರಾಕೆಟ್ಟು ಎಲ್ಲರಿಗೂ ಪರಿಚಿತವಾದದ್ದು. ಬರೀ ಗಾಳಿ ತುಂಬಿದ ಬಾಟಲಿಗಿಂತ ಮೂರನೆಯ ಒಂದು ಭಾಗ ನೀರಿರುವ ಬಾಟಲಿ ಬಹಳ ಎತ್ತರಕ್ಕೆ ಹೋಗುತ್ತದೆ, ಏಕೆಂದರೆ ಹಿಂದಕ್ಕೆ ಎಸೆಯಲು ಅದಕ್ಕೆ ಹೆಚ್ಚು ದ್ರವ್ಯರಾಶಿ ಇದೆ. ನಿಜವಾದ ರಾಕೆಟ್ಟಿನಲ್ಲಿ ಎಸೆಯುವ ವೇಗವೂ ಅಷ್ಟೇ ಮುಖ್ಯವೆಂಬುದನ್ನು ಕೈಪಿಡಿ ಹೇಳಬೇಕಿತ್ತು. ಇಸ್ರೋದ ವಿಕಾಸ್ ಎಂಜಿನ್ನಿನಿಂದ ಅನಿಲ ಸೆಕೆಂಡಿಗೆ 3 ಕಿ.ಮೀ.ಗೆ ತುಸು ಕಡಿಮೆ ವೇಗದಲ್ಲಿ ಹೊರಡುತ್ತದೆ. ದ್ರವ ಜಲಜನಕ ಮತ್ತು ದ್ರವ ಆಮ್ಲಜನಕ ಉರಿಸುವ ಸಿಇ-20 ಎಂಜಿನ್ನಿನಲ್ಲಿ ಆ ವೇಗ ಸುಮಾರು 4.3 ಕಿ.ಮೀ. ಅಷ್ಟೇ ತೂಕದ ಇಂಧನದಿಂದ ಹೆಚ್ಚು ಕೆಲಸ ಸಿಗುವುದು ಇದರಿಂದಲೇ.

ಕಿಟ್ಟಿನ ಅತ್ಯುತ್ತಮ ಭಾಗ ತಿರುಗುವ ತಟ್ಟೆ. ಅದರ ಮೇಲಿನ ಚಕ್ರ ಬಲಕ್ಕೆ ತಿರುಗಲು ಆರಂಭಿಸಿದರೆ ತಟ್ಟೆ ಎಡಕ್ಕೆ ತಿರುಗುತ್ತದೆ, ಚಕ್ರ ನಿಂತರೆ ತಟ್ಟೆಯೂ ನಿಲ್ಲುತ್ತದೆ. ಉಪಗ್ರಹಗಳೊಳಗಿನ ರಿಯಾಕ್ಷನ್ ವೀಲುಗಳು ಇದೇ ಬಗೆಯಲ್ಲಿ, ಸೌರಫಲಕದ ವಿದ್ಯುತ್ತಿನಿಂದ, ಒಂದು ಹನಿ ಇಂಧನವನ್ನೂ ಸುಡದೆ ನೌಕೆಯ ಮುಖವನ್ನು ಬೇಕಾದ ಕಡೆ ತಿರುಗಿಸುತ್ತವೆ. ಆದರೆ ಇದೇ ಚಕ್ರಗಳಿಂದ ಉಪಗ್ರಹ ತನ್ನ ಕಕ್ಷೆಯನ್ನೂ ಬದಲಿಸುತ್ತದೆಂದು ಕೈಪಿಡಿ ಹೇಳುತ್ತದೆ, ಇದು ಮೊದಲನೆಯದಕ್ಕಿಂತ ದೊಡ್ಡ ತಪ್ಪು. ಮುಖ ತಿರುಗಿಸುವುದೇ ಬೇರೆ, ದಾರಿ ಬದಲಿಸುವುದೇ ಬೇರೆ. ದಾರಿ ಬದಲಾಗಬೇಕಾದರೆ ನೌಕೆ ತನ್ನೊಳಗಿನ ಏನನ್ನಾದರೂ ಹೊರಕ್ಕೆ ಎಸೆಯಲೇಬೇಕು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆಯು ಮೊದಲು ತನ್ನನ್ನು ತಿರುಗಿಸಿಕೊಂಡು, ಸಾಗುತ್ತಿದ್ದ ದಿಕ್ಕಿಗೇ ಎಂಜಿನ್ನಿನ ಬಾಯಿ ಮಾಡಿ, ಆ ಬಳಿಕ 440 ನ್ಯೂಟನ್ ನೂಕುಬಲದ ಮುಖ್ಯ ಎಂಜಿನ್ನನ್ನೂ ಥ್ರಸ್ಟರುಗಳೆಂಬ 22 ನ್ಯೂಟನ್ನಿನ ಎಂಟು ಸಣ್ಣ ಎಂಜಿನ್ನುಗಳನ್ನೂ ಸುಮಾರು 23 ನಿಮಿಷ ಉರಿಸಿತು. ಅದರ ವೇಗ ಸೆಕೆಂಡಿಗೆ ಸುಮಾರು 1.1 ಕಿ.ಮೀ. ತಗ್ಗಿದ ಮೇಲಷ್ಟೇ ಮಂಗಳದ ಗುರುತ್ವ ಅದನ್ನು ಹಿಡಿದುಕೊಂಡಿತು. ಮುಂದಕ್ಕೆ ಉಗುಳಿ ವೇಗ ತಗ್ಗಿಸಿಕೊಳ್ಳುವ ಈ ಉಪಾಯವನ್ನು ಹೇಳಿದಾಗ ಮಕ್ಕಳಲ್ಲಿ ಕಂಡ ಉತ್ಸಾಹ ನನಗೂ ಹರಡಿತು. ಚಕ್ರಗಳ ವೇಗಕ್ಕೂ ಮಿತಿಯುಂಟು: ಸೂರ್ಯನ ಬೆಳಕಿನ ಒತ್ತಡದಂಥ ಸಣ್ಣ ಬಲ ಒಂದೇ ಕಡೆಗೆ ತಿರುಚುತ್ತಿದ್ದರೆ, ಅದನ್ನು ತಡೆಯುತ್ತ ಚಕ್ರ ತನ್ನ ಗರಿಷ್ಠ ವೇಗವನ್ನು ಮುಟ್ಟುತ್ತದೆ, ಆಗ ಥ್ರಸ್ಟರು ಉರಿಸಿ ನೌಕೆಯನ್ನು ಸ್ಥಿರವಾಗಿ ಹಿಡಿದು ಚಕ್ರವನ್ನು ನಿಧಾನಗೊಳಿಸಬೇಕಾಗುತ್ತದೆ. ಕೈಪಿಡಿಯಲ್ಲಿ ಇದರ ಸುಳಿವೇ ಇಲ್ಲ.

ತಯಾರಿಕೆಯ ಗುಣಮಟ್ಟ ಒಟ್ಟಿನಲ್ಲಿ ಚೆನ್ನಾಗಿದೆ. ನಮ್ಮ ಭಾಗದ ಬೇಸಿಗೆಯ ಧೂಳು ತಟ್ಟೆಯ ಬೇರಿಂಗಿಗೆ ಸೇರಿದರೆ ಪ್ರಯೋಗ ಕೆಡುತ್ತದೆ, ಆದ್ದರಿಂದ ಬಳಸಿದ ಮೇಲೆ ಬಟ್ಟೆ ಮುಚ್ಚಿಡಬೇಕು. ನೀರಿನ ರಾಕೆಟ್ಟಿನ ರಬ್ಬರ್ ವಾಷರು ಬೇಗ ಸವೆಯುತ್ತದೆ, ಆದರೆ ಸೈಕಲ್ ರಿಪೇರಿ ಅಂಗಡಿಯಲ್ಲಿ ಅದೇ ಅಳತೆಯದು ಸಿಗುತ್ತದೆ. ಗುಮ್ಮಟದ ಅಂಚಿನಿಂದ ಗಾಳಿ ಸೋರಿದಾಗ ಅಂಗಡಿಯವರು ಮರುಮಾತಿಲ್ಲದೆ ಹೊಸ ರಬ್ಬರ್ ಪಟ್ಟಿ ಕೊಟ್ಟರು. ಕೊಳ್ಳುವಾಗಲೇ ಒಂದು ಹೆಚ್ಚುವರಿ ಪಟ್ಟಿ ಕೇಳಿ ಪಡೆಯಿರಿ, ಮತ್ತು ಕೈಪಿಡಿಯ ಆ ಎರಡು ಪುಟಗಳಿಗೆ ತಿದ್ದುಪಡಿಯ ಚೀಟಿ ಅಂಟಿಸಿದ ಮೇಲೆಯೇ ಪೆಟ್ಟಿಗೆಯನ್ನು ಪ್ರಯೋಗಾಲಯದಲ್ಲಿಡಿ.